ಮೂರನೆಯ ಕೂಗು

ನ್ಯಾಯಾಲಯದ ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕೂಗುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂದು ನೀವು ತಿಳಿದಿದ್ದರೆ, ನೀವು ಇನ್ನೂ ಕೂಗುರಾಯನನ್ನು ಕೇಳಿಲ್ಲ ಎಂದಾಯಿತು. ಒಳಗೆ ನ್ಯಾಯಾಧೀಶರು ಕತ್ತು ಅಲ್ಲಾಡಿಸಿದರೆ ಸಾಕು, ಹೊರಗೆ ಇವನು ಹೊಟ್ಟೆಯ ಆಳದಿಂದ ಉಸಿರೆಳೆದುಕೊಳ್ಳುತ್ತಿದ್ದ. ಮೊದಲನೆಯ ಕೂಗಿಗೆ ವರಾಂಡದ ಬೆಂಚಿನ ಮೇಲೆ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಿದ್ದರು. ಎರಡನೆಯ ಕೂಗಿಗೆ ಎದುರು ಬೀದಿಯ ಚಹಾ ಅಂಗಡಿಯಿಂದ ವಕೀಲರು ಲೋಟ ಬಿಟ್ಟು ಓಡಿ ಬರುತ್ತಿದ್ದರು. ಮೂರನೆಯ ಕೂಗಿಗೂ ಬಾರದವನು ಗೈರುಹಾಜರು. ಆಮೇಲೆ ಅವನು ಎಂಥ ದೊಡ್ಡ ಮನುಷ್ಯನೇ ಆಗಿರಲಿ, ಎಲ್ಲರ ಸರದಿ ಮುಗಿಯುವತನಕ ಗೋಡೆಗೊರಗಿ ಕಾಯಬೇಕಿತ್ತು.

ಈ ಮೂರು ಕೂಗು ಅವನ ರಕ್ತಕ್ಕೇ ಇಳಿದುಬಿಟ್ಟಿತ್ತು. ತರಕಾರಿಯವನನ್ನು ಮೂರು ಸಲ ಕರೆದು, ಅವನು ತಿರುಗಿ ನೋಡದಿದ್ದರೆ, ಚೀಲ ಮಡಿಸಿಕೊಂಡು ಮುಂದಿನ ಅಂಗಡಿಗೆ ನಡೆಯುತ್ತಿದ್ದ. ಒಮ್ಮೆ ಬೆಳಿಗ್ಗೆ ಮನೆಯ ಸ್ನಾನದ ಕೋಣೆಯ ಮುಂದೆ ನಿಂತು ಒಳಗೆ ಯಾರಾದರೂ ಇದ್ದೀರಾ ಎಂದು ಮೂರು ಸಲ ಕೇಳಿ, ಉತ್ತರ ಬಾರದ್ದರಿಂದ ಹೊರಗಿನಿಂದ ಚಿಲಕ ಹಾಕಿ ಕಚೇರಿಗೆ ಹೋಗಿಬಿಟ್ಟ. ಒಳಗೆ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದವರು ಅವನ ಅತ್ತೆ. ಮಗಳು ಪೇಟೆಯಿಂದ ವಾಪಸಾಗುವವರೆಗೂ ಅವರು ಒಳಗೇ ಇದ್ದರು. ಅಂದಿನಿಂದ ಅತ್ತೆಯವರು ಅವನನ್ನು ಅಳಿಯ ಎಂದು ಕರೆಯುವುದನ್ನೇ ಬಿಟ್ಟರು. ಮಗಳ ಹತ್ತಿರ ಮಾತಾಡುವಾಗ ಅವನು ‘ನಿನ್ನ ಗಂಡ’. ‘ನಮ್ಮ ಅಳಿಯಂದಿರು’ ಎಂಬ ಪದವಿ ಪೂರ್ತಿಯಾಗಿ ದೊಡ್ಡ ಮಗಳ ಗಂಡನಿಗೆ, ಅಂದರೆ ಕೂಗುರಾಯನ ಷಡ್ಡಕನಿಗೆ ಸಂದಾಯವಾಯಿತು.

ಷಡ್ಡಕನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಆದರೆ ಅವನನ್ನು ಕೇಳಿದರೆ ಅದು ಹೊಟ್ಟೆಪಾಡು, ಸಂಗೀತವೇ ಉಸಿರು. ‘ಮಧುರಕಂಠ’ ಎಂಬ ಬಿರುದನ್ನು ಯಾರೂ ಕೊಡುವ ಲಕ್ಷಣ ಕಾಣದಿದ್ದಾಗ ತಾನೇ ತೆಗೆದುಕೊಂಡು ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದ. ಹಾಡುವಾಗ ಕಣ್ಣು ಮುಚ್ಚುತ್ತಿದ್ದ. ಉಳಿದವರೂ ಮುಚ್ಚಿದ್ದಾರೆಯೇ ಎಂದು ನೋಡಲು ಮಾತ್ರ ಆಗಾಗ ಒಂದನ್ನು ತೆರೆಯುತ್ತಿದ್ದ.

ಬಡಾವಣೆಯ ಉದ್ಯಾನದಲ್ಲಿ ವರ್ಷಕ್ಕೊಂದು ಸಲ ಬಯಲು ಸಂಗೀತ ಮೇಳ ನಡೆಯುತ್ತಿತ್ತು. ಹಾಡುವವರೂ ಅಲ್ಲಿಯವರೇ, ಕೇಳುವವರೂ ಅಲ್ಲಿಯವರೇ, ಕುರ್ಚಿ ಹೊರುವವರೂ ಅಲ್ಲಿಯವರೇ. ನಡೆಸುತ್ತಿದ್ದವರು ಸಂಗೀತದ ಮೇಷ್ಟ್ರು. ಎಲ್ಲ ಚೆನ್ನಾಗಿಯೇ ಇತ್ತು, ಆದರೆ ಉದ್ಯಾನ ಪುರಸಭೆಯದು, ಅನುಮತಿ ಸಂಜೆ ಏಳರವರೆಗೆ ಮಾತ್ರ. ಏಳಕ್ಕೆ ಸರಿಯಾಗಿ ಪುರಸಭೆಯ ಸಾಹೇಬರು ಬೀಗದ ಕೈ ಹಿಡಿದು ಬಂದು, ಕರೆಂಟಿನ ಪೆಟ್ಟಿಗೆ ತೆಗೆದು ಸ್ವಿಚ್ಚು ಎಳೆಯುತ್ತಿದ್ದರು. ಹಾಡುವವರ ಬಾಯಿ ತೆರೆದೇ ಇದ್ದರೂ ಸರಿ. ಗೋಗರೆದವರಿಗೆ ಅವರು ಮಾತಾಡದೆ ಕೈಗಡಿಯಾರ ತೋರಿಸುತ್ತಿದ್ದರು.

ಕಾರ್ಯಕ್ರಮದಲ್ಲಿ ಕೊನೆಯ ಸರದಿ ಓಣಿಯ ಹೆಂಗಸರ ತಂಡದ್ದು. ಕೂಗುರಾಯನ ಹೆಂಡತಿ ಆ ತಂಡದ ಮುಖ್ಯ ಗಾಯಕಿ. ಅದಕ್ಕಿಂತ ಮೊದಲಿನ ಸರದಿ ಮಧುರಕಂಠನದು. ಅವನು ಬರುವುದೇ ತಡ, ಬಂದಮೇಲೆ ಪ್ರತಿ ಹಾಡಿಗೂ ಮುಂಚೆ ಆ ಹಾಡನ್ನು ತಾನು ಎಷ್ಟು ಕಷ್ಟಪಟ್ಟು ಕಲಿತೆ ಎಂಬ ಭಾಷಣ. ಎರಡು ವರ್ಷದ ಹಿಂದೆ ಹೆಂಗಸರ ತಂಡ ವೇದಿಕೆಯ ಮೇಲೆ ಸಾಲಾಗಿ ನಿಂತು ಉಸಿರೆಳೆದುಕೊಂಡಾಗ ಕರೆಂಟು ಹೋಯಿತು. ಹೋದ ವರ್ಷ ಮೆಟ್ಟಿಲು ಹತ್ತುವಾಗಲೇ ಹೋಯಿತು.

ಈ ವರ್ಷ ಮೇಳದ ಸುದ್ದಿ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ, ದನಿ ಏರಿಸದೆ ಹೇಳಿದಳು: “ಈ ಸಲವೂ ಆಗ್ಲಿಲ್ಲ ಅಂದ್ರೆ ಮುಗೀತು. ತಂಡಾನೂ ಬೇಡ, ಹಾಡೂ ಬೇಡ. ಮನೇಲೂ ಹಾಡಲ್ಲ ನಾನು.”

ಕೂಗುರಾಯನ ಬೆಳಗು ನಡೆಯುತ್ತಿದ್ದುದೇ ಅವಳ ಹಾಡಿನ ಮೇಲೆ. ಅಡುಗೆಮನೆಯಿಂದ ಮೊದಲ ಹಾಡು ಬಂದರೆ ಏಳುವುದು, ಎರಡನೆಯದಕ್ಕೆ ಗಡ್ಡ ಹೆರೆಯುವುದು, ಅವಳು ಆ ಎಳೆದು ಎಳೆದು ಹಾಡುವ ನಿಧಾನದ ಹಾಡಿಗೆ ಬಂದಳೆಂದರೆ ಬಸ್ಸು ಹೊರಡುವ ಹೊತ್ತಾಯಿತು ಎಂದೇ ಲೆಕ್ಕ. ಹಾಡಿಲ್ಲದ ಮನೆಯಲ್ಲಿ ತಾನು, ಗಡಿಯಾರ ಮತ್ತು ಅತ್ತೆಯವರು ಮೂವರೇ ಎದುರುಬದುರು ಕೂತಿರುವ ಚಿತ್ರ ಕಣ್ಣ ಮುಂದೆ ಬಂದು ಅವನಿಗೆ ಬೆವರೊಡೆಯಿತು. ಸಂಜೆಯೇ ಮೇಷ್ಟ್ರ ಮನೆಗೆ ಹೋಗಿ, ಮೇಳಕ್ಕೆ ತಾನೂ ಸ್ವಯಂಸೇವಕ ಎಂದ. ಒಳಗೆ ಹೊಕ್ಕರೆ ಹೆಂಗಸರ ಸರದಿ ಸ್ವಲ್ಪ ಮೊದಲೇ ಬರುವಂತೆ ಮಾಡಬಹುದು ಎಂಬ ಆಸೆ. ಮೇಷ್ಟ್ರು ಸಂತೋಷಪಟ್ಟು ಅವನಿಗೆ ಕುಡಿಯುವ ನೀರಿನ ಡ್ರಮ್ಮು ವಹಿಸಿದರು. ಸರದಿಯ ಮಾತೆತ್ತಿದರೆ, ಮಧುರಕಂಠರು ಬೇಜಾರು ಮಾಡಿಕೊಳ್ಳುತ್ತಾರೆ, ಅದೊಂದು ಕೇಳಬೇಡಿ ಎಂದುಬಿಟ್ಟರು.

ಮನೆಗೆ ಬಂದಾಗ ಅತ್ತೆಯವರು ಮಗಳನ್ನು ಕೇಳುತ್ತಿದ್ದರು: “ನಿನ್ನ ಗಂಡನಿಗೆ ಅಲ್ಲೇನು ಕೆಲಸ ಕೊಟ್ರಂತೆ?”

ನೀರಿನ ಡ್ರಮ್ಮು ಎಂದು ಹೇಳುವುದಕ್ಕೇ ಅವನು ಬಾಯಿ ತೆರೆದದ್ದು. ಆದರೆ ಅತ್ತೆಯವರ ಮೂಗು ಆಗಲೇ ಮುರಿಯಲು ಸಿದ್ಧವಾಗಿ ನಿಂತಿದ್ದನ್ನು ನೋಡಿ ನಾಲಿಗೆ ತಾನಾಗಿ ಹೊರಳಿತು. “ವೇದಿಕೆ ಉಸ್ತುವಾರಿ” ಎಂದ. ಪೂರ್ತಿ ಸುಳ್ಳೇನಲ್ಲ, ಡ್ರಮ್ಮು ಇರುತ್ತಿದ್ದುದು ವೇದಿಕೆಯ ಪಕ್ಕದಲ್ಲೇ.

ಅತ್ತೆಯವರು ಹುಂ ಎಂದು ಒಳಗೆ ಹೋದರು. ಹೆಂಡತಿ ಮಾತ್ರ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಅವನನ್ನೇ ನೋಡಿದಳು. ಆ ನೋಟದಲ್ಲಿದ್ದ ನಂಬಿಕೆ ಕಂಡು ಅವನಿಗೆ ಡ್ರಮ್ಮಿನೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳೋಣ ಎನಿಸಿತು.

ಮರುದಿನಕ್ಕೆ ಸುದ್ದಿ ಓಣಿಗೆಲ್ಲ ಹರಡಿತು. ತಂಡದ ಹಿರಿಯರಾದ ಹೊಲಿಗೆ ಅಂಗಡಿಯಮ್ಮ ಬಾಗಿಲಿಗೆ ಬಂದು, ಇನ್ನು ನಮ್ಮ ಮಾನ ನಿಮ್ಮ ಕೈಯಲ್ಲಿದೆ ಎಂದರು. ಕೂಗುರಾಯ ನೋಡೋಣ ಎಂದ. ನೋಡೋಣ ಎಂದರೆ ಆಯಿತು ಎಂದೇ ಅರ್ಥ ಎಂದು ಹೆಂಗಸರು ತೀರ್ಮಾನಿಸಿ ಹೊಸ ಬಟ್ಟೆ ಹೊಲಿಸಿಕೊಳ್ಳಲು ಶುರುಮಾಡಿದರು. ಷಡ್ಡಕ ಫೋನು ಮಾಡಿ, ಉಸ್ತುವಾರಿ ಸಿಕ್ಕಿದ್ದು ಸಂತೋಷ, ತಾನು ಬರುವುದು ಸ್ವಲ್ಪ ಆಚೀಚೆ ಆಗಬಹುದು, ಅಲ್ಲಿಯವರೆಗೆ ಜನವನ್ನು ಹಿಡಿದಿಟ್ಟುಕೊಳ್ಳುವ ಜವಾಬ್ದಾರಿ ನಿನ್ನದು ಎಂದು ಅಪ್ಪಣೆ ಕೊಟ್ಟ. ಕೂಗುರಾಯ ಅದಕ್ಕೂ ನೋಡೋಣ ಎಂದ.

ಮೇಳದ ದಿನ ಬಂದೇಬಿಟ್ಟಿತು. ಮಧ್ಯಾಹ್ನ ಸ್ವಯಂಸೇವಕರಿಗೆ ತೋಳಿಲ್ಲದ ಜಾಕೆಟ್ಟು ಹಂಚಿದರು: ಕುರ್ಚಿಯವರಿಗೆ ಹಸಿರು, ನೀರಿನವರಿಗೆ ನೀಲಿ, ವೇದಿಕೆ ನೋಡಿಕೊಳ್ಳುವ ಒಬ್ಬರಿಗೆ ಕಿತ್ತಳೆ. ವೇದಿಕೆಯವರು ಎಂದರೆ ಔಷಧಿ ಅಂಗಡಿಯವರು. ಅವರು ಸಣಕಲು ಆಸಾಮಿ. ಕಿತ್ತಳೆ ಜಾಕೆಟ್ಟು ಹಾಕಿದರೆ ಅದು ಮೊಣಕಾಲು ದಾಟಿ ಇಳಿಯಿತು. ಕೂಗುರಾಯನ ಹೊಟ್ಟೆಗೆ ನೀಲಿ ಜಾಕೆಟ್ಟಿನ ಗುಂಡಿ ಗೇಣುದ್ದ ದೂರದಲ್ಲಿ ನಿಂತಿತು. ಜಾಕೆಟ್ಟಿನಲ್ಲೇನಿದೆ, ಅದಲು ಬದಲು ಮಾಡಿಕೊಂಡು ಅವರವರ ಕೆಲಸ ಅವರವರು ಮಾಡಿ ಎಂದರು ಮೇಷ್ಟ್ರು. ಬಣ್ಣಕ್ಕೆ ಜನ ಕೊಡುವ ಬೆಲೆಯ ಬಗ್ಗೆ ಸಂಗೀತಗಾರರಿಗೆ ಅಷ್ಟೇನೂ ತಿಳಿದಿರುವುದಿಲ್ಲ.

ಐದು ನಿಮಿಷದಲ್ಲಿ ನೀಲಿ ಜಾಕೆಟ್ಟಿನ ಔಷಧಿ ಅಂಗಡಿಯವರನ್ನು ಬಾಯಾರಿದ ಜನ ಮುತ್ತಿಕೊಂಡರು. ನಾನು ನೀರಿನವನಲ್ಲ ಎಂದು ಅವರು ಹೇಳಿ ನೋಡಿದರು. ನೀರು ಕೊಡಲು ಇಷ್ಟು ಸೋಮಾರಿತನವೇ ಎಂದು ಒಬ್ಬ ಅಜ್ಜಿ ಬೈದಮೇಲೆ ಸುಮ್ಮನೆ ಲೋಟ ಕೈಗೆತ್ತಿಕೊಂಡರು. ಇತ್ತ ಕಿತ್ತಳೆ ಜಾಕೆಟ್ಟಿನ ಕೂಗುರಾಯನ ಸುತ್ತ ತಂಬೂರಿ, ತಬಲಾ, ಗಿಟಾರು ಹಿಡಿದವರೆಲ್ಲ ಸೇರಿ ನಮ್ಮದು ಯಾವಾಗ, ನಮ್ಮದು ಯಾವಾಗ ಎಂದು ಪೀಡಿಸತೊಡಗಿದರು. ಅಷ್ಟರಲ್ಲಿ ವೇದಿಕೆಯ ಮೇಲಿಂದ, ಮೈಕು ಸರಿಮಾಡುತ್ತಿದ್ದ ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡೇ, “ಏ ಕಿತ್ತಳೆ ಜಾಕೆಟ್ಟು, ಮೊದಲನೆಯವರನ್ನ ಕರೀರಿ” ಎಂದರು.

ಕೂಗುರಾಯ ಹಿಂದೆ ತಿರುಗಿ ಬೇರೆ ಕಿತ್ತಳೆ ಇದೆಯೇ ಎಂದು ನೋಡಿದ. ಇರಲಿಲ್ಲ. ಕರೀರಿ ಎಂದ ಮೇಲೆ ಕರೆಯದೆ ಇರುವುದು ಅವನ ಜಾಯಮಾನದಲ್ಲೇ ಇಲ್ಲ. ತುದಿಗಾಲಲ್ಲಿ ನಿಂತು ಹೊಟ್ಟೆಯಿಂದ ಉಸಿರೆಳೆದು ಕೂಗಿದ: “ಕೊಳಲಿನವರು ಹಾಜರಿದ್ದಾರೆಯೇ?”

ಮೈಕು ಬೇಕಾಗಲಿಲ್ಲ. ಮರದ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಜೀವನದಲ್ಲಿ ಒಮ್ಮೆಯಾದರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವರೆಲ್ಲ ತಂತಮ್ಮ ಕುರ್ಚಿಯಿಂದ ಎದ್ದು ನಿಂತರು. ಈ ಸಲ ಮಧ್ಯಾಹ್ನವೇ ಬಂದು ಕರೆಂಟಿನ ಪೆಟ್ಟಿಗೆಯ ಪಕ್ಕದಲ್ಲಿ ಕಾವಲು ಕೂತಿದ್ದ ಪುರಸಭೆಯ ಸಾಹೇಬರಿಗೂ ಪಕ್ಕದ ಮನೆಯವನ ಜೊತೆ ಕಾಂಪೌಂಡು ಗೋಡೆಯ ದಾವೆಯೊಂದು ನಡೆಯುತ್ತಿತ್ತು. ಅವರು ಕೈಕಟ್ಟಿ ಎದ್ದು, “ಇದ್ದೀನಿ ಸ್ವಾಮಿ” ಎಂದರು. ಆಮೇಲೆ ಸುತ್ತ ನೋಡಿ, ಪ್ಯಾಂಟು ಸರಿಮಾಡಿಕೊಳ್ಳಲೆಂದೇ ಎದ್ದವರ ಹಾಗೆ ಸರಿಮಾಡಿಕೊಂಡು ಕೂತರು. ಕೊಳಲಿನವರು ಅರ್ಧ ತಿಂದ ಬಿಸ್ಕತ್ತು ಜೇಬಿಗೆ ತುರುಕಿ ವೇದಿಕೆಗೆ ಓಡಿದರು.

ಹಾಗೆ ಶುರುವಾಯಿತು. ಒಂದು ತಂಡ ಇಳಿಯುತ್ತಿದ್ದ ಹಾಗೆ ಮುಂದಿನ ತಂಡಕ್ಕೆ ಕೂಗು. ಗಿಟಾರಿನವರು ಎರಡನೆಯ ಕೂಗಿಗೆ ಬರಿಗಾಲಲ್ಲಿ ಬಂದರು. ಮೂರು ಕೂಗಿಗೂ ಬಾರದ ಮೌತ್ ಆರ್ಗನ್ನಿನವರೊಬ್ಬರು ಗೈರುಹಾಜರಾಗಿ, ಸ್ವಲ್ಪ ಹೊತ್ತು ಬೇಲಿಗೊರಗಿ ನಿಂತು, ಮನೆಗೆ ಹೊರಟುಹೋದರು. ಅದನ್ನು ನೋಡಿದ ಮೇಲೆ ಉಳಿದವರು ಮೆಟ್ಟಿಲ ಬುಡದಲ್ಲೇ ಸಾಲು ಹಚ್ಚಿದರು. ಪ್ರತಿ ವರ್ಷವೂ ಗಂಟೆಗಟ್ಟಲೆ ಹಿಂದೆ ಬೀಳುತ್ತಿದ್ದ ಮೇಳ ಈ ಸಲ ಮುಂದೆ ಓಡತೊಡಗಿತು. ಮೇಷ್ಟ್ರು ಆನಂದಬಾಷ್ಪ ಒರೆಸಿಕೊಳ್ಳುತ್ತ ಜಾಕೆಟ್ಟಿನ ಒಳಗೆ ಯಾರಿದ್ದಾರೆಂದು ನೋಡಲೇ ಇಲ್ಲ. ಡ್ರಮ್ಮಿನ ಹತ್ತಿರ ಔಷಧಿ ಅಂಗಡಿಯವರು ಮಾತ್ರ ಮೈಯೆಲ್ಲ ಒದ್ದೆ ಮಾಡಿಕೊಂಡು ಬೆವರು ಸುರಿಸುತ್ತಿದ್ದರು.

ಮಧುರಕಂಠನ ಸರದಿ ಬಂತು. ಮೊದಲ ಸಾಲಿನ ನಡುಮಧ್ಯೆ ಕೂತಿದ್ದ ಅತ್ತೆಯವರು ಸೆರಗು ಸರಿಮಾಡಿಕೊಂಡು, ಈಗ ನಮ್ಮ ಅಳಿಯಂದಿರದು ಎಂದು ಅಕ್ಕಪಕ್ಕದವರಿಗೆ ತಿಳಿಸಿದರು. ಕೂಗುರಾಯ ಒಂದು ಸಲ ಕೂಗಿದ, ಉತ್ತರವಿಲ್ಲ. ಎರಡು ಸಲ ಕೂಗಿದ, ಇಲ್ಲ. ಮೂರನೆಯ ಸಲವೂ ಕೂಗಿದ. ಹಾಗೆಲ್ಲ ಕೂಗುವಾಗ ಅವನ ಮನಸ್ಸಿನಲ್ಲಿ ಹಗೆಯಿರಲಿಲ್ಲ, ಹೊಟ್ಟೆಕಿಚ್ಚಿರಲಿಲ್ಲ, ನಿಜ ಹೇಳಬೇಕೆಂದರೆ ಏನೂ ಇರಲಿಲ್ಲ; ಅಷ್ಟು ವರ್ಷದ ಅಭ್ಯಾಸದಲ್ಲಿ ಬಾಯಿ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

“ಗೈರುಹಾಜರು” ಎಂದ ಕೂಗುರಾಯ. ಹೇಳಿದ ಮೇಲೆ ಯಾರಿಗೆ ಹೇಳಿದೆ ಎಂಬುದು ಅವನಿಗೆ ಹೊಳೆಯಿತು.

ಅತ್ತೆಯವರು ನಿಧಾನವಾಗಿ ಎದ್ದು ನಿಂತರು. ಸ್ನಾನದ ಕೋಣೆಯ ಪ್ರಕರಣದ ನಂತರ ಅವರು ಅವನನ್ನು ಅಷ್ಟು ದೀರ್ಘವಾಗಿ ನೋಡಿರಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಅದು ಹರಡುತ್ತ ಹರಡುತ್ತ ಮುಂದಿನ ಸಾಲಿಗೆ ಬಂತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ಕೂಗಿದ: “ಓಣಿಯ ಹೆಂಗಸರ ತಂಡ ಹಾಜರಿದೆಯೇ?”

ಇರಲಿಲ್ಲ. ಮಧುರಕಂಠ ಹತ್ತಿದರೆ ಅವನು ಇಳಿಯಲು ಯುಗವಾಗುತ್ತದೆ ಎಂದು ಬಲ್ಲ ಹೆಂಗಸರು, ಹೊಸ ಬಟ್ಟೆಗೆ ಕೊನೆಯ ಹೊಲಿಗೆ ಹಾಕಿಸಿಕೊಳ್ಳಲು ರಸ್ತೆಯಾಚೆ ಹೊಲಿಗೆ ಅಂಗಡಿಯಲ್ಲಿದ್ದರು. ಅಲ್ಲಿ ಯಂತ್ರ ಗಡಗಡ ಓಡುತ್ತಿತ್ತು, ಮೊದಲ ಕೂಗು ಯಾರಿಗೂ ಕೇಳಿಸಲಿಲ್ಲ. ಕೂಗುರಾಯ ಎರಡನೆಯ ಸಲ ಕೂಗಿದ. ಆ ಕೂಗಿಗೆ ಉದ್ಯಾನದ ಬಾಗಿಲಲ್ಲಿ ಕಾಣಿಸಿಕೊಂಡವನು ಷಡ್ಡಕ. ರೇಷ್ಮೆಯ ಅಂಗಿ, ಕೊರಳಿಗೆ ಶಾಲು, ತಡವಾಗಿ ಬಂದವರಿಗೆ ಇರಬೇಕಾದ ಮಂದಹಾಸ. ಅತ್ತೆಯವರು ಓಡಿಹೋಗಿ ಆದದ್ದನ್ನೆಲ್ಲ ಕಿವಿಯಲ್ಲಿ ಹೇಳಿದಾಗ ಮಂದಹಾಸ ಹುಳ್ಳಗಾಯಿತು.

ತಾನು ಬಂದಾಯಿತಲ್ಲ, ಇನ್ನೇನು ಎಂದು ಅವನು ಮೆಟ್ಟಿಲಿಗೆ ಕಾಲಿಟ್ಟ. ಕೂಗುರಾಯ ಅಡ್ಡ ನಿಂತು, ಮೂರು ಸಲ ಕೂಗಿ ಆಗಿದೆ, ಎಲ್ಲರದೂ ಮುಗಿದ ಮೇಲೆ ಇನ್ನೊಮ್ಮೆ ಕೂಗುತ್ತೇವೆ ಎಂದು ಬಹಳ ವಿನಯದಿಂದ ಹೇಳಿದ. ಬಾಗಿಲಲ್ಲಿ ನಿಂತು ದಿನವೂ ಹೇಳುವ ಮಾತು, ಅದು ತಾನಾಗಿ ಬಂತು. ಷಡ್ಡಕ ಪುರಸಭೆಯ ಸಾಹೇಬರ ಕಡೆ ತಿರುಗಿ ನ್ಯಾಯ ಕೇಳಿದ. ಅವರು ಜೀವನಪೂರ್ತಿ ತಮ್ಮಂಥವನೊಬ್ಬನಿಗಾಗಿ ಕಾದಿದ್ದವರ ಹಾಗೆ ಕೂಗುರಾಯನನ್ನು ನೋಡಿ, “ನಿಯಮ ಅಂದ್ರೆ ನಿಯಮ” ಎಂದರು.

ಷಡ್ಡಕ ಒಂದು ಕ್ಷಣ ಯೋಚಿಸಿದ. ವಿಮೆಯವನಲ್ಲವೇ, ನಿಯಮದ ಸಂದುಗೊಂದು ಅವನಿಗೂ ಗೊತ್ತು.

“ಸರಿ. ಇವರನ್ನ ಎರಡು ಸಲ ಕೂಗಿದ್ದೀಯ. ಮೂರನೇದೂ ಕೂಗು. ಬರದಿದ್ರೆ ಇವರೂ ಗೈರುಹಾಜರು. ಆಮೇಲೆ ಉಳಿಯೋದು ನಾನೊಬ್ಬನೇ ತಾನೇ?”

ನ್ಯಾಯವಾಗಿಯೇ ಇತ್ತು, ಸಂಕಟ ಅದೇ. ಮೇಷ್ಟ್ರು ಕನ್ನಡಕ ಕಣ್ಣಿಗಿಳಿಸಿದರು, ಒಳಗಿರುವುದು ಯಾರು ಎಂದು ಆಗ ಕಂಡು ಬಾಯಿ ತೆರೆದರು. ಸಾಹೇಬರು ಗಡಿಯಾರ ನೋಡಿದರು. ಕೂಗದೆ ಇರುವಂತಿಲ್ಲ, ಕೂಗಿದರೆ ಹೆಂಡತಿಯ ಹಾಡು ಇವತ್ತಿಗೂ ಇಲ್ಲ, ಎಂದೆಂದಿಗೂ ಇಲ್ಲ. ಆದರೆ ಕೂಗುವವರ ಕಸುಬಿನಲ್ಲಿ ಒಂದು ಮಾತಿದೆ, ಕೂಗು ಮುಗಿಯುವ ತನಕ ಯಾರೂ ಗೈರುಹಾಜರಲ್ಲ. ಕೂಗುರಾಯ ಕಾಲು ಅಗಲಿಸಿ ನಿಂತು, ಉದ್ಯಾನದಲ್ಲಿದ್ದ ಗಾಳಿಯನ್ನೆಲ್ಲ ಒಳಗೆಳೆದುಕೊಂಡ. ಕಿತ್ತಳೆ ಜಾಕೆಟ್ಟಿನ ಗುಂಡಿಯೊಂದು ಕಿತ್ತು ಷಡ್ಡಕನ ಎದೆಗೆ ಬಡಿಯಿತು.

“ಓಣಿಯ ಹೆಂಗಸರ ತಂಡ ಹಾಜರಿದೆಯೇ…”

ಆ ಕೊನೆಯ ಏಕಾರವನ್ನು ಅವನು ಬಿಡಲಿಲ್ಲ. ಎಳೆದ. ಇನ್ನೂ ಎಳೆದ. ಉಸಿರು ಸಣ್ಣದಾದಂತೆ ದನಿ ಮೇಲಕ್ಕೇರಿತು, ಮೇಲೆ ನಿಲ್ಲಲಾರದೆ ತೂಗಾಡಿ ಕೆಳಗಿಳಿಯಿತು, ಇಳಿದದ್ದು ಮತ್ತೆ ಏರಿತು. ವೇದಿಕೆಯ ಮೇಲೆ ಸುಮ್ಮನೆ ಕೂತಿದ್ದ ತಬಲಾದವರು ಇದು ಆಲಾಪವೇ ಇರಬೇಕೆಂದು ತಿಳಿದು ಮೆಲ್ಲಗೆ ಒಂದು ಪೆಟ್ಟು ಹಾಕಿದರು. ತಾಳ ಕೂತಿತು. ಜನ ಆಹಾ ಎಂದರು. ಹಿಂದಿನ ಸಾಲಿನವರು ಕೈತಟ್ಟಿ ತಾಳ ಹಾಕತೊಡಗಿದರು. ಸಂಗೀತ ಬಲ್ಲ ಒಬ್ಬ ಮುದುಕರು ಕಣ್ಣು ಮುಚ್ಚಿ ತಲೆದೂಗಿದರು, ಮಧುರಕಂಠನ ಹಾಡಿಗೆ ಅವರು ಎಂದೂ ತಲೆದೂಗಿದವರಲ್ಲ. ಕೂಗುರಾಯನ ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು. ನಡುವೆ ಎಲ್ಲಿ ಚಾಲಾಕಿಯಾಗಿ ಮೂಗಿನಲ್ಲಿ ಇನ್ನೊಮ್ಮೆ ಉಸಿರೆಳೆದುಕೊಂಡನೋ ಯಾರಿಗೂ ತಿಳಿಯಲಿಲ್ಲ.

ರಸ್ತೆಯಾಚೆ ಹೊಲಿಗೆ ಯಂತ್ರ ಒಂದು ಕ್ಷಣ ನಿಂತಿತು. ಹೆಂಡತಿ ಕಿವಿಗೊಟ್ಟು ಕೇಳಿದಳು. ಅಷ್ಟು ವರ್ಷ ಸಂಸಾರ ಮಾಡಿದವಳು, ಒಂದನೆಯದಾವುದು ಮೂರನೆಯದಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅದು ಮೂರನೇದು. ಓಡಿ” ಎಂದಳು.

ಓಡಿದರು. ಒಬ್ಬಳ ತೋಳಿನಲ್ಲಿ ಸೂಜಿ ನೇತಾಡುತ್ತಿತ್ತು, ಒಬ್ಬಳ ಕಾಲಲ್ಲಿ ಒಂದೇ ಚಪ್ಪಲಿ, ಹೊಲಿಗೆ ಅಂಗಡಿಯಮ್ಮನ ಕೊರಳಲ್ಲಿ ಅಳತೆ ಟೇಪು. ರಸ್ತೆಯಲ್ಲಿ ಎರಡು ಬಸ್ಸುಗಳು ಬ್ರೇಕು ಹಾಕಿ ನಿಂತವು. ಷಡ್ಡಕ, ಇದು ಮೋಸ, ಕೂಗು ಯಾವಾಗಲೋ ಮುಗಿಯಿತು ಎಂದು ಗೊಣಗಿದರೆ, ಪುರಸಭೆಯ ಸಾಹೇಬರು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿದರು. ಅವರ ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಹೆಂಡತಿ ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ಕಾಲಿಟ್ಟು, ಏದುಸಿರಿನಲ್ಲಿ, “ಹಾಜರ್” ಎಂದಳು. ಕೂಗುರಾಯ ಏಕಾರವನ್ನು ಬಿಟ್ಟ. ತಬಲಾದವರು ಸರಿಯಾಗಿ ಅಲ್ಲಿಗೇ ಕೊನೆಯ ಪೆಟ್ಟು ಹಾಕಿ ಕೈ ಎತ್ತಿದರು. ಆಮೇಲೆ ಬಿದ್ದಂಥ ಚಪ್ಪಾಳೆಯನ್ನು ಆ ಉದ್ಯಾನ ಹಿಂದೆಂದೂ ಕೇಳಿರಲಿಲ್ಲ.

ಹೆಂಗಸರು ಹಾಡಿದರು. ಹೆಂಡತಿ ಎತ್ತಿಕೊಂಡದ್ದು ಅದೇ ನಿಧಾನದ ಹಾಡು, ಬಸ್ಸು ಹೊರಡುವ ಹೊತ್ತಿನದು. ಇಷ್ಟು ವರ್ಷ ಒಗ್ಗರಣೆಯ ಸದ್ದಿನ ಹಿಂದಿನಿಂದ ಕೇಳುತ್ತಿದ್ದ ಆ ದನಿ ಮೊದಲ ಸಲ ತೆರೆದ ಆಕಾಶದ ಕೆಳಗೆ ಬಂದಾಗ ಕೂಗುರಾಯನಿಗೆ ಹೆಮ್ಮೆಯಿಂದ ಕಣ್ಣಲ್ಲಿ ನೀರೇ ಬಂತು. ಮನೆಯಲ್ಲಿ ಈ ಹಾಡು ಬಂದಾಗಲೆಲ್ಲ ಸಾಕು ಮಾಡೇ ಎನ್ನುತ್ತಿದ್ದವರು ಅತ್ತೆಯವರೇ. ಈಗ ಪಕ್ಕದವರ ತೊಡೆ ತಟ್ಟಿ, ನನ್ನ ಚಿಕ್ಕ ಮಗಳು, ನನ್ನ ಚಿಕ್ಕ ಮಗಳು ಎಂದರು. ಹಾಡು ಮುಗಿದಾಗ ಜನ ಇನ್ನೊಂದು ಎಂದರು. ಇನ್ನೊಂದು ಹಾಡಿದರು. ಮತ್ತೊಂದೂ ಹಾಡಿದರು.

ಕೂಗುರಾಯ ಮಾತಿಗೆ ತಪ್ಪುವವನಲ್ಲ. ಕೊನೆಗೆ ಷಡ್ಡಕನನ್ನು ಇನ್ನೊಮ್ಮೆ ಕೂಗಿದ. ಕೂಗಲು ದನಿ ಉಳಿದಿರಲಿಲ್ಲ, ಬಾಗಿಲು ಕಿರುಗುಟ್ಟಿದಂಥ ಸದ್ದು ಬಂತು ಅಷ್ಟೇ. ಆದರೆ ಷಡ್ಡಕ ಈ ಸಲ ಮೊದಲ ಸದ್ದಿಗೇ ಹತ್ತಿದ. ಹತ್ತಿದವನು ಹಾಡಿದ್ದರೆ ಒಂದು ಹಾಡಾದರೂ ಆಗುತ್ತಿತ್ತು. ಆದರೆ ಆ ಹಾಡನ್ನು ತಾನು ಚಳಿಗಾಲದಲ್ಲಿ ಕತ್ತಿನ ಮಟ್ಟ ತಣ್ಣೀರಿನಲ್ಲಿ ನಿಂತು ಕಲಿತ ಕಥೆ ಹೇಳಬೇಕಲ್ಲ. ಹೇಳಿದ. ಕಣ್ಣು ಮುಚ್ಚಿದ. ಬಾಯಿ ತೆರೆದ. ಸಾಹೇಬರು ಸ್ವಿಚ್ಚು ಎಳೆದರು.

ಜನ ನಗುತ್ತ ಕುರ್ಚಿ ಮಡಿಸತೊಡಗಿದರು. ಮೇಷ್ಟ್ರು ಬಂದು, ಮುಂದಿನ ವರ್ಷವೂ ಕಿತ್ತಳೆಯೇ, ಅಳತೆ ಕೊಟ್ಟು ಹೊಲಿಸುತ್ತೇನೆ ಎಂದು ಕೂಗುರಾಯನ ಬೆನ್ನು ತಟ್ಟಿದರು. ಅವನು ಏನೋ ಹೇಳಲು ಹೋದ, ತುಟಿ ಮಾತ್ರ ಅಲುಗಾಡಿತು. ಹೆಂಡತಿ ಅವನ ತೋಳು ಹಿಡಿದುಕೊಂಡು ನೀರಿನ ಡ್ರಮ್ಮಿನ ಹತ್ತಿರ ಕರೆದುಕೊಂಡು ಬಂದಳು. ಅಲ್ಲಿ ಔಷಧಿ ಅಂಗಡಿಯವರು ಡ್ರಮ್ಮನ್ನು ಓರೆಮಾಡಿ, ತಳದಲ್ಲಿ ಉಳಿದಿದ್ದ ಒಂದೇ ಒಂದು ಲೋಟ ನೀರನ್ನು ಬಗ್ಗಿಸುತ್ತಿದ್ದರು. ಒಂದು ಕಡೆ ಗಂಟಲು ಹೋದ ಕೂಗುರಾಯ, ಇನ್ನೊಂದು ಕಡೆ ಶಾಲು ಹೆಗಲಿಂದ ಜಾರಿದ ಷಡ್ಡಕ, ನಡುವೆ ಅತ್ತೆಯವರು.

ಅತ್ತೆಯವರು ಲೋಟ ತೆಗೆದುಕೊಂಡು, “ಇರಪ್ಪ, ಮೊದಲು ನಮ್ಮ ಅಳಿಯಂದಿರು ಕುಡೀಲಿ” ಎಂದರು.

ಷಡ್ಡಕ ಎಂದಿನ ಅಭ್ಯಾಸದಂತೆ ಕೈ ಚಾಚಿದ. ಲೋಟ ಆ ಕೈಯನ್ನು ಬಿಟ್ಟು ಇನ್ನೊಂದು ಕಡೆಗೆ ಹೋಯಿತು.